ಗ್ಯಾಸ್ ಇತ್ತು, ಹೀಟರ್ ಇತ್ತು, ಆದರೂ ಆ ರಾತ್ರಿ ನಡುಗಿದೆವು

ಚಳಿಗಾಲದಲ್ಲಿ ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವಂಥ ಮನೆಗಾಡಿ, ಬಾಡಿಗೆಗೆ ತೆಗೆದುಕೊಂಡು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಟಿದ್ದೀರಾ? ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮನ ಜೊತೆಗೆ? ಹಾಗಿದ್ದರೆ ಇದನ್ನೊಮ್ಮೆ ಓದಿ. ಹೋದ ಡಿಸೆಂಬರ್‌ನಲ್ಲಿ ನಾವು ಮಾಡಿಕೊಂಡ ಎಡವಟ್ಟು ಇದು.

ನಾವಿರುವುದು ಫೀನಿಕ್ಸ್‌ನಲ್ಲಿ. ಇಲ್ಲಿ ಡಿಸೆಂಬರ್ ಮಧ್ಯಾಹ್ನಕ್ಕೆ ಅರ್ಧ ತೋಳಿನ ಅಂಗಿ ಸಾಕು. ಅರಿಜೋನಾ ಅಂದರೆ ಮರುಭೂಮಿ, ಮರುಭೂಮಿ ಅಂದರೆ ಸೆಖೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ನಾವು ಹೊರಟಿದ್ದ ಸೌತ್ ರಿಮ್, ಅಂದರೆ ಕ್ಯಾನಿಯನ್‌ನ ದಕ್ಷಿಣದ ಅಂಚು, ಇಲ್ಲಿಂದ ಸುಮಾರು 370 ಕಿಲೋಮೀಟರ್. ಫೀನಿಕ್ಸ್ 1,100 ಅಡಿ ಎತ್ತರದಲ್ಲಿದ್ದರೆ ಸೌತ್ ರಿಮ್ ಹತ್ತಿರಹತ್ತಿರ 7,000 ಅಡಿ. ಹೆಚ್ಚುಕಡಿಮೆ ಊಟಿಯಷ್ಟು ಎತ್ತರ, ಆದರೆ ಚಳಿ ಊಟಿಯದ್ದಲ್ಲ. ನಾವು ಹೋದ ರಾತ್ರಿ ಮೈನಸ್ 13 ಡಿಗ್ರಿ. "ಧನುರ್ಮಾಸದಲ್ಲಿ ಅರಸೀಕೆರೆಯ ಚಳಿ ನೋಡಿದವಳು ಕಣೋ ನಾನು" ಎಂದಿದ್ದ ಅಮ್ಮ, ಗಾಡಿಯಿಂದ ಇಳಿದವಳೇ ಮತ್ತೆ ಹತ್ತಿ ಕೂತಳು.

ಬಾಡಿಗೆ ಕೊಟ್ಟವನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ. ಹೀಟರ್ ಚೆನ್ನಾಗಿದೆಯಾ? ಚೆನ್ನಾಗಿದೆ, ಗ್ಯಾಸ್ ಕೂಡ ಫುಲ್ ಇದೆ ಎಂದ. ಅವನು ಸುಳ್ಳು ಹೇಳಲಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು.

ಆರ್‌ವಿಯ ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸ್‌ನಿಂದ. ಆದರೆ ಆ ಬಿಸಿಗಾಳಿಯನ್ನು ಒಳಗೆ ಊದುವ ಫ್ಯಾನ್ ನಡೆಯುವುದು ಬ್ಯಾಟರಿಯಿಂದ. ಇಂಜಿನ್‌ನ ಬ್ಯಾಟರಿ ಅಲ್ಲ, ಲೈಟು, ನೀರಿನ ಪಂಪು ಇವಕ್ಕೆಲ್ಲ ಬೇರೆಯೇ ಒಂದು ಬ್ಯಾಟರಿ ಇರುತ್ತದೆ, ಅದರಿಂದ. ಫ್ಯಾನ್ ನಿಂತರೆ ಹೀಟರ್ ಕೂಡ ಆರುತ್ತದೆ. ಟ್ಯಾಂಕ್ ತುಂಬ ಗ್ಯಾಸ್ ಇದ್ದು ಏನು ಬಂತು?

ಲೆಕ್ಕ ಹಾಕಿ ನೋಡಿ. ನಮ್ಮ ಗಾಡಿಯಲ್ಲಿದ್ದದ್ದು 100 ಆಂಪಿಯರ್ ಅವರ್‌ನ ಒಂದು ಹಳೇ ಲೆಡ್ ಆಸಿಡ್ ಬ್ಯಾಟರಿ. ಅಂದರೆ ಗಂಟೆಗೆ 1 ಆಂಪಿಯರ್ ಎಳೆದರೆ 100 ಗಂಟೆ ಬರುವಷ್ಟು. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಲ್ಲಿಗೆ ಉಳಿದದ್ದು 50. ಚಳಿಗೆ ಅದರಲ್ಲೂ ಒಂದಷ್ಟು ಖೋತಾ. ಫ್ಯಾನ್ ಗಂಟೆಗೆ 7-8 ಎಳೆಯುತ್ತದೆ. ಅಂದರೆ ಬಿಡದೆ ಓಡಿದರೆ ಐದಾರು ಗಂಟೆ. ಅಮ್ಮನಿಗೆ ಬೆಚ್ಚಗಿರಲಿ ಅಂತ ನಾನು ಹೀಟರ್‌ನ ಥರ್ಮೋಸ್ಟಾಟ್ 24 ಡಿಗ್ರಿಗೆ ಇಟ್ಟಿದ್ದೆ. ಹೊರಗೆ ಮೈನಸ್ 13 ಇರುವಾಗ ತೆಳು ಗೋಡೆಯ ಡಬ್ಬಿ 24 ಮುಟ್ಟುವುದು ಯಾವ ಜನ್ಮಕ್ಕೆ? ಫ್ಯಾನ್ ನಿಲ್ಲದೆ ಓಡಿತು.

ಇನ್ನೊಂದು ಜಿಪುಣತನವೂ ಸೇರಿತು. ಅಲ್ಲಿ ಟ್ರೇಲರ್ ವಿಲೇಜ್ ಅಂತ ಒಂದು ಜಾಗವಿದೆ. ವರ್ಷವಿಡೀ ತೆರೆದಿರುತ್ತದೆ, ಗಾಡಿಗೆ ಕರೆಂಟ್ ಸಿಗುತ್ತದೆ. ಅದರ ಪಕ್ಕದ ಮೇಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಇಲ್ಲ, ಆದರೆ ರೇಟು ಕಡಿಮೆ. ಜನರೇಟರ್ ಹಾಕುವುದಕ್ಕೂ ಅಲ್ಲಿ ಗೊತ್ತಾದ ಹೊತ್ತು ಉಂಟು, ರಾತ್ರಿ ಹಾಕುವಂತಿಲ್ಲ. ನಾವು ಹಣ ಉಳಿಸಿದೆವು.

ಸಂಜೆ ಭಾರೀ ಖುಷಿ. ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಅನ್ನ, ಸಾರು ಮಾಡಿದೆವು. ಆ ಹಬೆ, ಐದು ಜನರ ಉಸಿರು, ಎಲ್ಲ ಗಾಜಿನ ಮೇಲೆ ನೀರಾಗಿ ಇಳಿಯುತ್ತಿತ್ತು. ಮಗಳು ಅದರ ಮೇಲೆ ಬೆರಳಲ್ಲಿ ಚಿತ್ರ ಬರೆದಳು. ಬೆಳಿಗ್ಗೆ ನೋಡಿದರೆ ಅಪ್ಪನ ಶಾಲಿನ ತುದಿ ಕಿಟಕಿಗೆ ಅಂಟಿ ಮರಗಟ್ಟಿತ್ತು. ಎಳೆದರೆ ಪರ್ ಅಂತ ಸದ್ದು. ಮೇಲಿನ ವೆಂಟ್ ಒಂದಿಷ್ಟು ತೆರೆದಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಚಳಿಯಲ್ಲಿ ಕಿಂಡಿ ತೆರೆಯುವುದು ಹುಚ್ಚುತನ ಅನ್ನಿಸುತ್ತದೆ, ಆದರೆ ಅದೇ ಸರಿ.

ಈಗ ಮುಖ್ಯ ವಿಷಯ. ಇಷ್ಟು ಬರೆಯುತ್ತಿರುವುದೇ ಇದಕ್ಕಾಗಿ.

ರಾತ್ರಿ ಮೂರರ ಹೊತ್ತಿಗೆ ನನಗೆ ಎಚ್ಚರವಾಯಿತು. ಮೂಗಿನ ತುದಿ ಐಸ್. ಹೀಟರ್ ಸದ್ದಿಲ್ಲ. ಸ್ವಿಚ್ ಒತ್ತಿದರೆ ಲೈಟಿಲ್ಲ. ಆದರೆ ಅಡುಗೆ ಕಟ್ಟೆಯ ಹತ್ತಿರ ನೀಲಿ ಬೆಳಕು. ಅಮ್ಮ ಲೈಟರ್‌ನಿಂದ ಎರಡೂ ಒಲೆ ಹಚ್ಚಿ, ಶಾಲು ಹೊದ್ದು, ಕೈ ಕಾಯಿಸುತ್ತಾ ನಿಂತಿದ್ದಳು. "ಏಳಿಸೋದು ಬೇಡ ಅಂತ ನಾನೇ ಹಚ್ಚಿದೆ ಕಣೋ. ಮಗು ಗಡಗಡ ನಡುಗ್ತಿತ್ತು" ಎಂದಳು. ಊರಲ್ಲಿ ಚಳಿಗೆ ಒಲೆ ಮುಂದೆ ಕೂತು ಬೆಳೆದವಳು, ಅವಳದ್ದೇನು ತಪ್ಪು?

ಆಗ ಕೆಳಗಡೆ, ನೆಲದ ಹತ್ತಿರ ಗೋಡೆಯತ್ತ ನೋಡಿದೆ. ಅಲ್ಲಿ ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್‌ನ ಅಲಾರ್ಮ್ ಇರುತ್ತದೆ. ಸಂಜೆ ಅದರಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಉರಿಯುತ್ತಿತ್ತು. ಈಗ ಇಲ್ಲ. ಅದು ನಡೆಯುವುದೂ ಅದೇ ಬ್ಯಾಟರಿಯಿಂದ. ಅಂದರೆ ಮುಚ್ಚಿದ ಡಬ್ಬಿಯೊಳಗೆ ಒಲೆ ಉರಿಯುತ್ತಿದೆ, ಕೂಗಿ ಎಬ್ಬಿಸಬೇಕಾದ ಯಂತ್ರ ಸತ್ತಿದೆ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಗಾಳಿ ಈ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಒಲೆ ಆರಿಸಿ, ಆ ಚಳಿಯಲ್ಲೇ ಬಾಗಿಲು ಕಿಟಕಿ ಎಲ್ಲ ತೆರೆದೆ. ಅಪ್ಪ ಬೈದರು. ಕಾರಣ ಹೇಳುವಷ್ಟು ಬಾಯಿ ನನಗೆ ಬರಲಿಲ್ಲ.

ಆಮೇಲೆ ಹೊರಗೆ ಹೋಗಿ ಸೈಲೆನ್ಸರ್ ಕೊಳವೆಗೆ ಹಿಮ ಕಟ್ಟಿಲ್ಲ ಅಂತ ಟಾರ್ಚ್ ಹಾಕಿ ನೋಡಿ, ಇಂಜಿನ್ ಸ್ಟಾರ್ಟ್ ಮಾಡಿದೆ. ಐದೂ ಜನ ಮುಂದಿನ ಸೀಟುಗಳ ಸುತ್ತ ಮುದುಡಿ ಕೂತೆವು. ಇಂಜಿನ್ ಓಡಿದರೆ ಆ ಬ್ಯಾಟರಿಯೂ ಚಾರ್ಜ್ ಆಗುತ್ತದೆ. ಮುಕ್ಕಾಲು ಗಂಟೆಗೆ ಹಸಿರು ದೀಪ ಬಂತು, ಹೀಟರ್ ಗುರ್ ಅಂದಿತು. ಅಕ್ಕಪಕ್ಕದವರ ನಿದ್ದೆ ಕೆಡಿಸಿದೆವು, ಬೇರೆ ದಾರಿ ಇರಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ಹನಿ ನೀರಿಲ್ಲ. ಕ್ಯಾನಿಯನ್ ನೋಡಿದೆವು, ಹಿಮದ ಟೊಪ್ಪಿಗೆ ಹಾಕಿದ ಕೆಂಪು ಬಂಡೆ, ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ವಾಪಸು ಬರುವಾಗ ಕ್ಯಾಂಪ್ ವರ್ಡೆ ಅನ್ನುವ ಊರಿನ ಹತ್ತಿರ ಬಿಸಿಲು ಸಿಕ್ಕಿತು. ಅಪ್ಪ ಕೈ ತೊಳೆಯಲಿ ಅಂತ ಪಂಪ್ ಹಾಕಿದೆ. ನಲ್ಲಿ ತಿರುಗಿಸಿ ನಿಲ್ಲಿಸಿದರೂ ಪಂಪ್‌ನ ಟರಟರ ಸದ್ದು ನಿಲ್ಲಲಿಲ್ಲ. ಆ ಸದ್ದು ನಿಲ್ಲದಿದ್ದರೆ ಹೆಚ್ಚಾಗಿ ನೀರು ಎಲ್ಲೋ ಸೋರುತ್ತಿದೆ ಅಂತ ಅರ್ಥ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಸಿಂಕ್ ಕೆಳಗಿನ ಪ್ಲಾಸ್ಟಿಕ್ ಪೈಪ್‌ ಮೊಣಕೈಯಂತೆ ಬಾಗುವ ಕಡೆ ಸೀಳಿತ್ತು. ರಾತ್ರಿ ಆ ಕಬೋರ್ಡ್ ಬಾಗಿಲು ತೆರೆದಿಟ್ಟಿದ್ದರೆ ಒಳಗಿನ ಬಿಸಿಗಾಳಿಯಾದರೂ ಪೈಪಿಗೆ ತಾಕುತ್ತಿತ್ತು. 1,000 ಡಾಲರ್ ಡೆಪಾಸಿಟ್ ಹೋಯಿತು. ಹೆಪ್ಪುಗಟ್ಟಿ ಆದ ಹಾನಿ ಬಾಡಿಗೆದಾರನದ್ದು ಅಂತ ಕರಾರಿನಲ್ಲಿ ಒಂದು ಸಾಲು ಇತ್ತಂತೆ. ನಾನು ಓದಿದ್ದರೆ ತಾನೇ?

ಒಂದು ಪದಕ್ಕೆ ಮೋಸ ಹೋಗಬೇಡಿ: ವಿಂಟರೈಸ್ ಮಾಡಿದ ಗಾಡಿ. ಅದು ಚಳಿಗೆ ತಯಾರಾದ ಗಾಡಿ ಅಲ್ಲ. ನೀರೆಲ್ಲ ಖಾಲಿ ಮಾಡಿ, ಪೈಪಿಗೆ ಆಂಟಿಫ್ರೀಜ್ ಅನ್ನುವ, ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಿ ನಿಲ್ಲಿಸಿದ ಗಾಡಿ. ಅದರಲ್ಲಿ ನಲ್ಲಿ ಬಳಸುವ ಹಾಗಿಲ್ಲ, ಕ್ಯಾನಲ್ಲಿ ನೀರು ಒಯ್ಯಬೇಕು. ಹಾಗೆ ಹೋಗಿದ್ದರೇ ನಮಗೆ ವಾಸಿಯಿತ್ತು.

ಹಾಗಾಗಿ ಕೇಳುವುದಾದರೆ ಬ್ಯಾಟರಿ ಎಷ್ಟು, ಎಷ್ಟು ಹಳೆಯದು ಅಂತ ಕೇಳಿ. ಲಿಥಿಯಂ ಬ್ಯಾಟರಿ ಇದ್ದರೆ, ಸೊನ್ನೆಗಿಂತ ಕೆಳಗೆ ಚಾರ್ಜ್ ಆಗಲು ಅದಕ್ಕೆ ಬಿಸಿ ವ್ಯವಸ್ಥೆ ಇದೆಯಾ ಅಂತಲೂ ಕೇಳಿ. ನೀರಿನ ಟ್ಯಾಂಕ್‌ಗೆ ಹೀಟಿಂಗ್ ಪ್ಯಾಡ್ ಇದೆಯಾ ನೋಡಿ. ಕರೆಂಟ್ ಇರುವ ಜಾಗವನ್ನೇ ಬುಕ್ ಮಾಡಿ. ಥರ್ಮೋಸ್ಟಾಟ್ 15ರ ಆಸುಪಾಸು ಇಟ್ಟು ಇನ್ನೊಂದು ರಗ್ಗು ಹೊದ್ದುಕೊಳ್ಳಿ. ತನ್ನದೇ ಸೆಲ್‌ನಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಅಂಗಡಿಯಲ್ಲಿ ಸಿಗುತ್ತದೆ, ಅಂಗೈಯಷ್ಟೇ ಇರುತ್ತದೆ. ಅದಿಲ್ಲದೆ ಮಾತ್ರ ಹೊರಡಬೇಡಿ. ಒಲೆ ಅಡುಗೆಗೆ ಮಾತ್ರ ಅಂತ ಹಿರಿಯರಿಗೆ ಹಗಲಲ್ಲೇ ಹೇಳಿಡಿ, ಯಾಕೆ ಅಂತಲೂ ಹೇಳಿ.

ನನ್ನ ಭಾವಮೈದ ಮಾರ್ಚ್‌ಗೆ ಅಲ್ಲಿಗೇ ಬುಕ್ ಮಾಡಿದ್ದಾನೆ. ಮಾರ್ಚ್ ಅಲ್ವಾ, ಬೇಸಿಗೆ ಶುರು ಎನ್ನುತ್ತಿದ್ದಾನೆ. ಸೌತ್ ರಿಮ್‌ನಲ್ಲಿ ಮಾರ್ಚ್ ರಾತ್ರಿಯೂ ಸೊನ್ನೆಗಿಂತ ಕೆಳಗೇ ಇಳಿಯುತ್ತದೆ. ಇದನ್ನು ಮೊದಲು ಅವನಿಗೇ ಕಳಿಸುತ್ತಿದ್ದೇನೆ.