ಲೇಕ್ ತಾಹೋಗೆ ಸ್ವಂತ ದೋಣಿ ಒಯ್ಯುವವರಿಗೆ: ಮೇಯರ್ಸ್ ತಪಾಸಣೆ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ತಾಹೋ ಸರೋವರಕ್ಕೆ ಹೋಗುವ ದಾರಿಯಲ್ಲಿ, ಹೈವೇ 50ರ ಮೇಯರ್ಸ್ ಎಂಬ ಊರಿನ ದೋಣಿ ತಪಾಸಣಾ ಕೇಂದ್ರಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಸಮಯ ಹಿಡಿಯುತ್ತದೆ, ದುಡ್ಡೂ ಆಗುತ್ತದೆ, ಆದರೂ ಐದು.

ನಮ್ಮ ಭಾವನ ಮೀನು ಹಿಡಿಯುವ ದೋಣಿ ಇರುವುದು ಟ್ರೇಸಿಯಲ್ಲಿ, ಅದು ಓಡಾಡುವುದು ಡೆಲ್ಟಾ ನೀರಿನಲ್ಲಿ, ಅಂದರೆ ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಸೇರುವ ಕಡೆ. ಅದೇ ಕಡೆಯ ಸ್ಟಾಕ್ಟನ್ ಬಂದರಿನಲ್ಲಿ 2024ರ ಅಕ್ಟೋಬರ್‌ನಲ್ಲಿ ಗೋಲ್ಡನ್ ಮಸೆಲ್ ಸಿಕ್ಕಿತು. ಏಷ್ಯಾ ಮೂಲದ ಈ ಪುಟ್ಟ ಚಿಪ್ಪುಜೀವಿ ಉತ್ತರ ಅಮೆರಿಕದಲ್ಲಿ ಕಂಡದ್ದು ಅದೇ ಮೊದಲು. ಒಮ್ಮೆ ನೆಲೆಯೂರಿದರೆ ಕಲ್ಲು, ಪೈಪು, ಕಟ್ಟೆ ಎಲ್ಲದಕ್ಕೂ ಅಂಟಿಕೊಂಡು ಬೆಳೆಯುತ್ತದೆ, ಆಮೇಲೆ ಇಡೀ ಸರೋವರದಿಂದ ಅದನ್ನು ತೆಗೆಯುವುದು ಆಗದ ಮಾತು. ದೋಣಿಗೆ ಅಂಟಿ ಅದು ತಾಹೋಗೆ ಬರದಿರಲಿ ಅಂತಲೇ ಈ ತಪಾಸಣೆ. ಹಾಗಾಗಿ ಎಲ್ಲಿಂದ ಬಂದಿರಿ, ದೋಣಿ ಕೊನೆಗೆ ಯಾವ ನೀರಿಗೆ ಇಳಿದಿತ್ತು ಅಂತ ಕೇಂದ್ರದವರು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ನಿಜ ಹೇಳಿ.

ಕೆಲಸ ಮಾಡುವ ರೀತಿ ನನಗೆ ತುಂಬಾ ಹಿಡಿಸಿತು. ಸುಮ್ನೆ ಟಾರ್ಚ್ ಬಿಟ್ಟು ಕಳಿಸುವುದಿಲ್ಲ. ದೋಣಿಯ ತಳವನ್ನು ಕೈಯಿಂದ ಸವರಿ ನೋಡುತ್ತಾರೆ, ಯಾಕೆಂದರೆ ಎಳೆಯ ಮಸೆಲ್‌ಗಳು ಕಣ್ಣಿಗೆ ಬೀಳುವ ಮೊದಲು ಕೈಗೆ ಮರಳು ಕಾಗದದಂತೆ ಸಿಗುತ್ತವೆ. ಆಮೇಲೆ ತಳದಲ್ಲಿ ನಿಂತ ನೀರು, ಮೀನು ಇಡುವ ತೊಟ್ಟಿ, ಎಂಜಿನ್ ತಂಪು ಮಾಡುವ ಕೊಳವೆ. ಅಲ್ಲಿಗೆಲ್ಲ ಬಿಸಿನೀರು. ಕೊನೆಗೆ ದೋಣಿಗೂ ಟ್ರೇಲರ್‌ಗೂ ಸೇರಿಸಿ ತಂತಿಯ ಸೀಲ್ ಹಾಕುತ್ತಾರೆ. ಅದನ್ನು ನೀರಿಗಿಳಿಸುವ ಜಾಗದಲ್ಲಿ ಸಿಬ್ಬಂದಿಯೇ ತೆಗೆಯಬೇಕು, ನಾವಲ್ಲ. ವಾಪಸ್ ಬರುವಾಗ ತಾಹೋ ಸೀಲ್ ಹಾಕಿಸಿಕೊಂಡು, ನಡುವೆ ಬೇರೆ ಎಲ್ಲೂ ಇಳಿಸದಿದ್ದರೆ, ಮುಂದಿನ ಸಲ ಇಷ್ಟೆಲ್ಲ ಇರುವುದಿಲ್ಲ. ಮನೆಯಲ್ಲೇ ತೊಳೆದು, ನೀರು ಬಸಿದು, ಚೆನ್ನಾಗಿ ಒಣಗಿಸಿ ತಂದರೆ ಕೆಲಸ ಬೇಗ ಮುಗಿಯುತ್ತದೆ.

ನೀರಿಗಿಳಿದ ಮೇಲೂ ಒಂದು ನಿಯಮ ಇದೆ, ಯಾಕೆ ಅಂತೀರಾ? 1968ರ ಸುಮಾರಿಗೆ ಈ ನೀರಿನಲ್ಲಿ ಹತ್ತಿರ ಹತ್ತಿರ 100 ಅಡಿ ಆಳದವರೆಗೆ, ನೀರು ಎಷ್ಟು ತಿಳಿ ಅಂತ ನೋಡಲು ಇಳಿಸುವ ಬಿಳಿ ತಟ್ಟೆ ಕಾಣುತ್ತಿತ್ತಂತೆ, 2023ರ ಸರಾಸರಿ 68 ಅಡಿ. ತಿಳಿ ಹೀಗೆ ಕಡಿಮೆಯಾದುದರಲ್ಲಿ ದೊಡ್ಡ ಪಾಲು ರಸ್ತೆ, ಊರುಗಳಿಂದ ಮಳೆನೀರಿನ ಜೊತೆ ಬರುವ ನುಣ್ಣನೆ ಮಣ್ಣಿನದು, ಎಲ್ಲವನ್ನೂ ದೋಣಿಯವರ ತಲೆಗೆ ಕಟ್ಟುವುದು ತಪ್ಪು. ಆದರೆ ದಡದ ಹತ್ತಿರ ಜೋರಾಗಿ ಓಡಿಸಿದರೆ ಅಲೆ ಬಡಿದು ದಡ ಕೊರೆಯುತ್ತದೆ, ಕೂತ ಮಣ್ಣು ಮತ್ತೆ ಕಲಕುತ್ತದೆ, ಈಜುವವರಿಗೆ, ಕಯಾಕ್‌ನವರಿಗೆ ಅಪಾಯ ಬೇರೆ. ಅದಕ್ಕೇ ದಡದಿಂದ 600 ಅಡಿಯೊಳಗೆ ಅಲೆ ಏಳಿಸುವಂತಿಲ್ಲ. ಎಮರಾಲ್ಡ್ ಬೇ ಎಂಬ ಕೊಲ್ಲಿ ಪೂರ್ತಿ ಹಾಗೆಯೇ, 2018ರ ಶೋರ್‌ಲೈನ್ ಪ್ಲಾನ್ ಎಂಬ ದಡದ ನಿಯಮಾವಳಿಯಿಂದ. ವಾಟರ್ ಸ್ಕೀಯಿಂಗ್ ಬೇಕೆಂದರೆ ನಡುನೀರಿಗೆ ಹೋಗಿ, ಜಾಗಕ್ಕೇನೂ ಬರವಿಲ್ಲ. ಈ ಒಪ್ಪಂದ ನ್ಯಾಯವಾಗಿದೆ ಅಂತ ನನ್ನ ಅಭಿಪ್ರಾಯ: ದೋಣಿಗೂ ಜಾಗ ಇದೆ, ದಡಕ್ಕೂ ಉಸಿರಿದೆ.

ನಿಯಮ ಹೇಳದ ಬಾಡಿಗೆ ಅಂಗಡಿಗಳ ಮೇಲೆ ಮಾತ್ರ ನನಗೆ ನಿಜವಾಗಿ ಸಿಟ್ಟಿದೆ. ಹಿಂದೊಮ್ಮೆ ದಕ್ಷಿಣ ದಡದಲ್ಲಿ ಮೋಟಾರ್ ದೋಣಿ ಬಾಡಿಗೆಗೆ ಪಡೆದಾಗ ಅಂಗಡಿಯ ಹುಡುಗ ಪೆಟ್ರೋಲ್ ಎಷ್ಟಿದೆ ಎಂದಷ್ಟೇ ಹೇಳಿ ಕೀ ಕೊಟ್ಟ, 600 ಅಡಿಯ ಮಾತೇ ಇಲ್ಲ! ಹೊಸಬರಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಅಂಗಡಿಯಲ್ಲಿ ನಕ್ಷೆ ಹರಡಿ, ನೀರ ಮೇಲೆ ತೇಲುವ ಬಿಳಿ ಗುರುತುಗಳ (ಬೋಯ್) ಅರ್ಥವನ್ನೂ ತಿಳಿಸಿ ಕಳಿಸಿದರು. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಅಂಥವರ ಹತ್ತಿರವೇ ಹೋಗಿ.

ಅಪ್ಪ ಅಮ್ಮ ಊರಿನಿಂದ ಬಂದಿದ್ದಾರೆ, ಒಂದು ದಿನದ ಮಟ್ಟಿಗೆ ಅಂದರೆ ಸ್ವಂತ ದೋಣಿ ಎಳೆದುಕೊಂಡು ಹೋಗುವುದೇ ಬೇಡ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಸ್ವಂತದ್ದೇ ಬೇಕು ಅನ್ನುವವರು ತಪಾಸಣೆಗೆ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಿ. ಗಾಳಿ ತುಂಬುವ ಕಯಾಕ್ ಇದ್ದರೂ ಒಣಗಿಸದೆ ತರಬೇಡಿ, ಮಡಿಕೆಗಳ ಸಂದಿಯಲ್ಲಿ ನೀರು ನಿಂತಿರುತ್ತದೆ, ಹುಟ್ಟಿನ ಜೊತೆ ಅದನ್ನೂ ಒರೆಸಿ ಒಣಗಿಸಿ.