ಇಲ್ಲದ ಹೋಮ್‌ಸ್ಟೇಗೆ ಅಡ್ವಾನ್ಸ್: ಚಿಕ್ಕಮಗಳೂರಿಗೆ ಹೊರಟವರು ಹುಷಾರು

ರಜೆಗೆ ಊರಿಗೆ ಬಂದು, ಹಳೆಯ ಸ್ನೇಹಿತರನ್ನೆಲ್ಲ ಸೇರಿಸಿಕೊಂಡು ಮಲೆನಾಡು ಸುತ್ತುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಈ ದಸರಾ ರಜೆಯಲ್ಲಿ, ಇಲ್ಲವೇ ಇಲ್ಲದ ಹೋಮ್‌ಸ್ಟೇ ಒಂದರ ಹೆಸರಿನಲ್ಲಿ ನಮ್ಮಿಂದ ದುಡ್ಡು ಕಿತ್ತುಕೊಂಡರು. ಗುಂಪಾಗಿ ಹೊರಡುವವರಿಗೆಂದೇ ಹೆಣೆದ ಮೋಸ ಇದು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನಾವು ಶಿವಮೊಗ್ಗದ ಹಾಸ್ಟೆಲಿನಲ್ಲಿ ಜೊತೆಗಿದ್ದವರು. ಈಗ ನಾನು ಪುಣೆಯಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ, ಒಬ್ಬಳು ಮಂಗಳೂರಿನಲ್ಲಿ, ಇನ್ನೊಬ್ಬಳು ಕಡೂರಿನಲ್ಲಿ. ಬೇಲೂರು, ಹಳೇಬೀಡು ನೋಡಿ, ಮುಳ್ಳಯ್ಯನಗಿರಿ ಹತ್ತಿ, ವಾಪಸ್ ಬರುವಾಗ ತರೀಕೆರೆ ಹತ್ತಿರದ ಅಮೃತಾಪುರಕ್ಕೂ ಹೋಗಬೇಕೆಂದು ವಾರಗಟ್ಟಲೆ ಮಾತಾಡಿಕೊಂಡಿದ್ದೆವು. ರಾತ್ರಿ ಮಾತ್ರ ಎಲ್ಲರೂ ಒಂದೇ ಮನೆಯಲ್ಲಿ ಉಳಿಯಬೇಕು ಅನ್ನುವುದು ನಮ್ಮ ಹಟ. ಲಾಡ್ಜಿನ ರೂಮುಗಳಲ್ಲಿ ಬೇರೆ ಬೇರೆ ಬಾಗಿಲು ಹಾಕಿಕೊಂಡು ಮಲಗುವುದಾದರೆ ಅಷ್ಟು ದೂರದಿಂದ ಬಂದು ಸೇರುವುದಾದರೂ ಯಾಕೆ?

ಜಾಹೀರಾತಿನಲ್ಲಿ ಕಂಡ ಮನೆ ಆಲ್ದೂರು ಕಡೆಯದು. ಕಾಫಿ ತೋಟದ ನಡುವೆ ಹಂಚಿನ ಮನೆ, ನೀಲಿ ಬಾಗಿಲು, ಅಂಗಳದಲ್ಲಿ ಕಲ್ಲಿನ ಕಟ್ಟೆ, ಊಟಕ್ಕೆ ಅಕ್ಕಿರೊಟ್ಟಿ, ಕಡುಬು. ಫೋನಿನಲ್ಲಿದ್ದವನು ಅಚ್ಚುಕಟ್ಟಾದ ಕನ್ನಡದಲ್ಲಿ, ತುಂಬ ಮರ್ಯಾದೆಯಿಂದ ಮಾತಾಡಿದ. "ಮೇಡಂ, ದಸರಾ ರಶ್ಶು. ಅರ್ಧ ಅಡ್ವಾನ್ಸ್ ಹಾಕಿಬಿಡಿ, ಮನೆ ನಿಮಗೇ ಹಿಡಿದಿಡ್ತೀನಿ" ಅಂದ. ಗಿರಿಗೆ ಹೋಗುವ ವಾಹನಕ್ಕೆ ಈಗ ಮೊದಲೇ ಆನ್‌ಲೈನಿನಲ್ಲಿ ಸ್ಲಾಟ್ ಮಾಡಿಸಬೇಕಲ್ಲ, ಅದನ್ನೂ ತಾನೇ ಮಾಡಿಸುತ್ತೇನೆಂದ. ಇಷ್ಟೆಲ್ಲ ಗೊತ್ತಿರುವವನು ಅಲ್ಲಿಯವನೇ ಅಂತ ಯಾರಿಗಾದರೂ ಅನ್ನಿಸುತ್ತದೆ. ನಮ್ಮ ಕಡೆಯವರು ಅನ್ನುವ ಆ ನಂಬಿಕೆಯನ್ನೇ ಅವನು ಬಂಡವಾಳ ಮಾಡಿಕೊಂಡ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಎರಡನೇ ಕರೆ ಬಂದದ್ದು ಹೊರಡುವ ಹೊತ್ತಿಗೆ. ಅರ್ಧ ಮೊತ್ತಕ್ಕೆ ಬುಕಿಂಗ್ ತೆಗೆದುಕೊಳ್ಳುತ್ತಿಲ್ಲ, ಪೂರ್ತಿ ಹಾಕಿ, ಮೊದಲು ಹಾಕಿದ್ದು ತಾನಾಗಿ ವಾಪಸ್ ಬರುತ್ತದೆ ಅಂತ. ಹುಬ್ಬಳ್ಳಿಯವಳು ಆಗಲೇ ರೈಲು ಹತ್ತಿದ್ದಳು, ಜೊತೆಗೆ ವಯಸ್ಸಾದ ತಾಯಿ, ಮಕ್ಕಳು. ಮನೆ ಕೈತಪ್ಪಿದರೆ ಇವರನ್ನೆಲ್ಲ ಎಲ್ಲಿ ಇಳಿಸುವುದು ಅನ್ನುವ ಗಡಿಬಿಡಿಯಲ್ಲಿ ಎಲ್ಲರ ಪಾಲಿನ ಹಣವೂ ಹೋಯಿತು. ಈ ಗಡಿಬಿಡಿಗಾಗಿಯೇ ಅವರು ಕಾದಿರುತ್ತಾರೆ. ಯುಪಿಐನಲ್ಲಿ ಹಣ ಹಾಕುವ ಮೊದಲು ಖಾತೆ ಯಾರದೆಂದು ಹೆಸರು ಕಾಣಿಸುತ್ತದೆ. ನಮಗೆ ಕಂಡದ್ದು ಯಾರೋ ಮೂರನೆಯವರ ಹೆಸರು. ಕೇಳಿದ್ದಕ್ಕೆ "ಅದು ನಮ್ಮ ಅಕೌಂಟೆಂಟ್‌ದು" ಅಂದ. ನಿಮಗೂ ಇಂಥ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ರೀಫಂಡಿಗೆಂದು ಒಂದು ಕ್ಯೂಆರ್ ಕೋಡ್ ಕಳಿಸಿದ. ನಮಗೆ ಹಣ ಬರಬೇಕಾದರೆ ನಾವು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಕೇಳಿತೆಂದರೆ ದುಡ್ಡು ನಮ್ಮಿಂದಲೇ ಹೋಗುತ್ತಿದೆ ಎಂದರ್ಥ. ಮಂಗಳೂರಿನವಳು ಇದನ್ನು ಹೇಳಿ ತಡೆದಳು. ತಕ್ಷಣ ಅವನು ಮಾತು ತಿರುಗಿಸಿ, "ಆಯ್ತು, ಇಲ್ಲಿಗೆ ಬಂದಾಗ ಬಿಲ್ಲಲ್ಲಿ ಕಳೀತೀನಿ" ಅಂದು ಲೊಕೇಶನ್ ಕಳಿಸಿದ.

ಆ ಲೊಕೇಶನ್ ಹಿಡಿದು ಹೋದರೆ ಬೀಗ ಹಾಕಿದ ಎಸ್ಟೇಟ್ ಗೇಟು. ಕತ್ತಲು, ಜಿಟಿಜಿಟಿ ಮಳೆ, ಅವನ ಫೋನು ಸ್ವಿಚ್ಡ್ ಆಫ್. ಕೆಲಸದವರ ಲೈನ್ ಮನೆಗಳ ಕಡೆಯಿಂದ ಟಾರ್ಚ್ ಹಿಡಿದು ಬಂದ ತೋಟದ ರೈಟರು (ಲೆಕ್ಕ ಬರೆಯುವವರು), "ಇಲ್ಲಿ ಯಾವ ಹೋಮ್‌ಸ್ಟೇನೂ ಇಲ್ಲಮ್ಮಾ, ಮೊನ್ನೆನೂ ಒಂದು ಕಾರು ಹೀಗೇ ಬಂದಿತ್ತು" ಅಂದರು. ಪಾಪ, ಮಕ್ಕಳಿಗೆ ನೀರು ಕೊಟ್ಟು, ಗಾಡಿ ತಿರುಗಿಸಲು ಗೇಟು ತೆಗೆಸಿದರು. ಚಿಕ್ಕಮಗಳೂರಿನಲ್ಲಿ ಕೇಳಿದಲ್ಲೆಲ್ಲ ರೂಮು ಭರ್ತಿ. "ರೊಕ್ಕದ ಮಾತು ಆಮ್ಯಾಲ ಆಡೂಣು, ಮೊದ್ಲ ಅವ್ವಗ, ಹುಡುಗ್ರಿಗೆ ಏನರೆ ತಿನ್ನಸೂಣು" ಅಂದಳು ಹುಬ್ಬಳ್ಳಿಯವಳು. ಕೊನೆಗೆ ಕಡೂರಿಗೆ ಹೋಗಿ ಗೆಳತಿಯ ಅತ್ತೆಯವರನ್ನು ಎಬ್ಬಿಸಿದೆವು. ಒಂದು ಮಾತೂ ಕೇಳದೆ ಅಷ್ಟು ಹೊತ್ತಿನಲ್ಲಿ ಅನ್ನಕ್ಕಿಟ್ಟ ಅವರನ್ನು ಎಷ್ಟು ನೆನೆದರೂ ಸಾಲದು.

ಮರುದಿನವೆಲ್ಲ ದೂರು, ಬ್ಯಾಂಕು ಎಂದು ಕಳೆಯಿತು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿಯನ್ನು ಒಮ್ಮೆ ನೋಡಬೇಕೆಂದೇ ಆ ತಾಯಿ ಹುಬ್ಬಳ್ಳಿಯಿಂದ ಬಂದಿದ್ದರು. ಮಂಡಿನೋವು, ನಿದ್ದೆಗೇಡು, ಸುಸ್ತು. ಬೇಲೂರು ನೋಡದೆಯೇ ಮರಳಿದರು. ದುಡ್ಡನ್ನು ಇನ್ನೊಮ್ಮೆ ದುಡಿಯಬಹುದು, ಅವರನ್ನು ಇನ್ನೊಮ್ಮೆ ಅಷ್ಟು ದೂರ ಕರೆತರುವುದು ಆಗುತ್ತದೋ ಇಲ್ಲವೋ.

ಯಾರಿಗಾದರೂ ಹೀಗಾದರೆ ಗೊತ್ತಾದ ಕ್ಷಣವೇ, ಗೇಟಿನ ಮುಂದೆ ನಿಂತಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಳ್ಳಯ್ಯನಗಿರಿಯ ಎತ್ತರವೂ ಸುಮಾರು 1930 ಮೀಟರ್, ಹಾಗೆ ನೆನಪಿಟ್ಟುಕೊಳ್ಳಿ. ಯುಪಿಐ ಪಾವತಿಯ 12 ಅಂಕಿಯ ಸಂಖ್ಯೆ, ಸ್ಕ್ರೀನ್‌ಶಾಟ್, ಅವನ ನಂಬರು ಕೈಯಲ್ಲಿರಲಿ. ಹಣ ಆ ಖಾತೆಯಿಂದ ಮುಂದೆ ಸರಿಯುವ ಮೊದಲೇ ದೂರು ಮುಟ್ಟಿದರೆ ಬ್ಯಾಂಕಿನಲ್ಲಿ ತಡೆಹಿಡಿಯಲು ಸಾಧ್ಯ. ನಮ್ಮ ದೂರು ದಾಖಲಾಗಿದೆ, ಹಣ ಮಾತ್ರ ಬಂದಿಲ್ಲ.

ಬುಕ್ ಮಾಡುವ ಮುಂಚೆ ವಿಡಿಯೋ ಕಾಲ್ ಮಾಡಿ, ಮನೆಯನ್ನೂ ಎದುರಿನ ರಸ್ತೆಯನ್ನೂ ತೋರಿಸಿ ಅನ್ನಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಕೇಳಿ. ಆ ಕಡೆ ನೆಂಟರೋ ಸ್ನೇಹಿತರೋ ಇದ್ದರೆ ಸಂಕೋಚಪಡದೆ ವಿಚಾರಿಸಿ. ಮನೆಯವರೇ ಎದುರು ನಿಂತು ಬಡಿಸುವ ಒಳ್ಳೆಯ ಹೋಮ್‌ಸ್ಟೇಗಳು ಕಾಫಿನಾಡಿನಲ್ಲಿ ಬೇಕಾದಷ್ಟಿವೆ. ಹೀಗೆ ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಥ ಕಳ್ಳರಿಂದ ಹೆಸರು ಕೆಡುತ್ತಿರುವುದು ಅವರದೂ ಹೌದು.

ಆ ಫೋಟೋಗಳನ್ನು ಹುಡುಕಿ ನೋಡಿದರೆ ಅವು ಕೊಡಗಿನ ಯಾವುದೋ ಮನೆಯವು. ಈಗ ಅವೇ ಫೋಟೋಗಳು ಬೇರೆ ಹೆಸರಿನಲ್ಲಿ, ಸಕಲೇಶಪುರದ ಹೋಮ್‌ಸ್ಟೇ ಎಂದು ಮತ್ತೆ ಓಡಾಡುತ್ತಿವೆ. ಹಂಚಿನ ಮನೆ, ನೀಲಿ ಬಾಗಿಲು, ಬಲಗಡೆ ಕಲ್ಲಿನ ಕಟ್ಟೆ. ಕಂಡರೆ ಹಣ ಹಾಕಬೇಡಿ, ಕೂಡಲೇ ದೂರು ಕೊಡಿ.