ಒಂದೇ ಪಟ್ಟಿ, ಮೂರು ಬಗೆಯ ಸಾಲು: ಡಬ್ಲ್ಯೂಪಿಎಫ್‌ನಲ್ಲಿ ಮಾಡಿ ನೋಡಿದ್ದು

ನಮ್ಮ ಬಡಾವಣೆಯ ಪುಟ್ಟ ಗ್ರಂಥಾಲಯಕ್ಕೆ ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋಸ್ ಆ್ಯಪ್‌ಗಳ ಪರದೆ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟಿರುವ ಫ್ರೇಮ್‌ವರ್ಕ್) ಒಂದು ಆ್ಯಪ್ ಬರೆದುಕೊಟ್ಟೆ. ಒಂದೇ ಲಿಸ್ಟ್‌ಬಾಕ್ಸ್‌ನಲ್ಲಿ ಪುಸ್ತಕ, ಮಾಸಪತ್ರಿಕೆ, ಸಿಡಿ ಮೂರೂ ಬರಬೇಕು. ಪುಸ್ತಕಕ್ಕೆ ಮುಖಪುಟ ಮತ್ತು ಲೇಖಕರು, ಪತ್ರಿಕೆಗೆ ಸಂಚಿಕೆಯ ತಿಂಗಳು, ಸಿಡಿಗೆ ಅವಧಿ. ಕೋಡ್‌ನಲ್ಲಿ ಮೂರಕ್ಕೂ ಒಂದೊಂದು ಕ್ಲಾಸ್, ಅವು ಹುಟ್ಟಿದ ಬೇಸ್ ಕ್ಲಾಸ್ ಒಂದೇ.

ಮೊದಲು ಒಂದೇ ಟೆಂಪ್ಲೇಟ್‌ನಲ್ಲಿ (ಒಂದು ಸಾಲು ಹೇಗೆ ಕಾಣಬೇಕೆಂಬ ಅಚ್ಚು) ಎಲ್ಲವನ್ನೂ ತುಂಬಿ, ಬೇಡದ್ದನ್ನು ವಿಸಿಬಿಲಿಟಿ ಕನ್ವರ್ಟರ್‌ನಿಂದ (ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಪುಟ್ಟ ಕೋಡ್) ಮರೆಮಾಡಿದೆ. ಪರದೆಯ ಮೇಲೆ ಸರಿಯಾಗಿಯೇ ಕಂಡಿತು. ಆದರೆ ಔಟ್‌ಪುಟ್ ವಿಂಡೋ ತೆರೆದರೆ ‘ಎರರ್ 40’ರ ಸಾಲುಸಾಲು. ಪತ್ರಿಕೆಯಲ್ಲಿ ಲೇಖಕ ಎಂಬ ಪ್ರಾಪರ್ಟಿಯೇ ಇಲ್ಲ, ಡೇಟಾವನ್ನು ಪರದೆಗೆ ಜೋಡಿಸುವ ಬೈಂಡಿಂಗ್ ಅದನ್ನು ಹುಡುಕುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಕಂಟ್ರೋಲ್‌ಗಳೂ ಪ್ರತಿ ಸಾಲಿಗೂ ಹುಟ್ಟಿ ಮೆಮೊರಿ ತಿನ್ನುತ್ತವೆ. ಈ ದಾರಿ ಯಾರಿಗೂ ಬೇಡ.

ಎರಡನೆಯದು ನನಗೆ ತುಂಬಾ ಹಿಡಿಸಿದ್ದು. ರಿಸೋರ್ಸಸ್‌ನಲ್ಲಿ ಬಗೆಗೊಂದು ಡೇಟಾಟೆಂಪ್ಲೇಟ್ ಬರೆದು, ಕೀ (ಕರೆಯಲು ಬೇಕಾದ ಹೆಸರು) ಕೊಡದೆ ಡೇಟಾಟೈಪ್ (ಅದು ಯಾವ ಕ್ಲಾಸಿಗೆ ಎಂಬುದು) ಮಾತ್ರ ಕೊಟ್ಟರೆ ಸಾಕು. ಆಬ್ಜೆಕ್ಟ್ ಯಾವ ಕ್ಲಾಸಿನದೋ ಆ ಟೆಂಪ್ಲೇಟನ್ನು ಡಬ್ಲ್ಯೂಪಿಎಫ್ ತಾನೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಬೇಸ್ ಕ್ಲಾಸಿನದನ್ನು ನೋಡುತ್ತದೆ. ಆಮೇಲೆ ನಕಾಶೆಗಳನ್ನು ಸೇರಿಸಿ ಎಂದಾಗ ಒಂದು ಕ್ಲಾಸ್, ಒಂದು ಟೆಂಪ್ಲೇಟ್ ಬರೆದೆ, ಪಟ್ಟಿಯ ಕೋಡ್ ಮುಟ್ಟಲೇ ಇಲ್ಲ. ಆ ಸಂಜೆಯ ಖುಷಿ ಇನ್ನೂ ನೆನಪಿದೆ.

ಇದರಲ್ಲೂ ಎಡವಿದ್ದುಂಟು. ಡೇಟಾಟೈಪ್‌ನಲ್ಲಿ ಎಕ್ಸ್-ಟೈಪ್ (ಇದು ಕ್ಲಾಸ್ ಎಂದು ಹೇಳುವ ಗುರುತು) ಬಿಟ್ಟು ಬರೀ ಹೆಸರು ಬರೆದಿದ್ದೆ. ಡಬ್ಲ್ಯೂಪಿಎಫ್ ಅದನ್ನು ಎಕ್ಸ್‌ಎಂಎಲ್ ಎಲಿಮೆಂಟ್ ಹೆಸರೆಂದು ತಿಳಿದಿದ್ದರಿಂದ, ಟೆಂಪ್ಲೇಟ್ ಹೊಂದದೆ, ಪ್ರತಿ ಸಾಲಲ್ಲೂ ನೇಮ್‌ಸ್ಪೇಸ್ ಸಮೇತ ಕ್ಲಾಸಿನ ಹೆಸರೇ ಬಂತು. ಲಿಸ್ಟ್‌ಬಾಕ್ಸ್‌ಗೆ ಐಟೆಮ್‌ಟೆಂಪ್ಲೇಟ್ (ಎಲ್ಲ ಸಾಲಿಗೂ ಒಂದೇ ಟೆಂಪ್ಲೇಟ್) ಕೊಟ್ಟಿದ್ದರೂ ಈ ಆಟ ನಡೆಯದು. ಕ್ಲಾಸಿನ ಬದಲು ಇಂಟರ್‌ಫೇಸ್ (ಹಲವು ಕ್ಲಾಸ್‌ಗಳು ಪಾಲಿಸುವ ಒಪ್ಪಂದ) ಹೆಸರು ಕೊಟ್ಟರೂ ಡಬ್ಲ್ಯೂಪಿಎಫ್ ಅದನ್ನು ಹೊಂದಿಸುವುದಿಲ್ಲ.

ಮೂರನೆಯದು ಡೇಟಾಟೆಂಪ್ಲೇಟ್‌ಸೆಲೆಕ್ಟರ್. ಸೆಲೆಕ್ಟ್‌ಟೆಂಪ್ಲೇಟ್ ಮೆಥಡ್ ಬರೆದು ಯಾವ ಟೆಂಪ್ಲೇಟ್ ಬೇಕೆಂದು ನಾವೇ ಹೇಳಬಹುದು. ಕ್ಲಾಸ್ ಒಂದೇ ಇದ್ದು ರೂಪ ಬೇರೆ ಬೇಕಾದಾಗ, ಉದಾಹರಣೆಗೆ ಅಪರೂಪದ ಹಳೆಯ ಪುಸ್ತಕಕ್ಕೆ ಬೇರೆ ಚೌಕಟ್ಟು ಹಾಕಲು, ಇದು ಬಹಳ ಚೆನ್ನ. ಆದರೆ ಅವಧಿ ಮೀರಿದ ಪುಸ್ತಕವನ್ನು ಕೆಂಪಾಗಿಸಲು ಇದನ್ನೇ ಬಳಸಿ ಪೆಟ್ಟು ತಿಂದೆ. ಪುಸ್ತಕ ವಾಪಸು ಬಂದು ಪ್ರಾಪರ್ಟಿ ಬದಲಾದರೂ ಸೆಲೆಕ್ಟರ್ ಮತ್ತೆ ಓಡಲಿಲ್ಲ, ಕೆಂಪು ಹಾಗೇ ಉಳಿಯಿತು. ಕೌಂಟರಿನಲ್ಲಿದ್ದ ಹಿರಿಯರು, ವಾಪಸು ಕೊಟ್ಟವರನ್ನೇ ಮತ್ತೆ ಕೇಳಿ ಮುಜುಗರಪಟ್ಟರು. ಅದನ್ನು ಟೆಂಪ್ಲೇಟ್ ಒಳಗೆ ಡೇಟಾಟ್ರಿಗರ್ (ಪ್ರಾಪರ್ಟಿ ಬದಲಾದಾಗ ರೂಪವನ್ನೂ ಬದಲಿಸುವ ನಿಯಮ) ಆಗಿ ಬರೆದ ಮೇಲೆ ಬಣ್ಣ ತಕ್ಷಣ ಬದಲಾಗತೊಡಗಿತು.

ಈಗ ಬಗೆಗೆ ಡೇಟಾಟೈಪ್, ಸ್ಥಿತಿಗೆ ಡೇಟಾಟ್ರಿಗರ್, ಚೌಕಟ್ಟಿಗೆ ಮಾತ್ರ ಸೆಲೆಕ್ಟರ್ ಇಟ್ಟಿದ್ದೇನೆ. ಮೈಕ್ರೋಸಾಫ್ಟ್‌ನ ಹೊಸ ಫ್ರೇಮ್‌ವರ್ಕ್ ವಿನ್‌ಯುಐಗೆ ಹೋಗುವವರಿಗೆ ಮೇಲಿನ ಎರಡನೆಯ ದಾರಿ, ಅಂದರೆ ಡೇಟಾಟೈಪ್‌ನದು, ಇಲ್ಲ. ಅಲ್ಲಿ ಸೆಲೆಕ್ಟರ್ ಬರೆಯಲೇಬೇಕು. ಡಬ್ಲ್ಯೂಪಿಎಫ್‌ನಂಥದ್ದೇ ಇನ್ನೊಂದು ಫ್ರೇಮ್‌ವರ್ಕ್ ಅವಲೋನಿಯಾದಲ್ಲಿ ಆ ದಾರಿಯೂ ಇದೆ, ಇಂಟರ್‌ಫೇಸೂ ನಡೆಯುತ್ತದೆ. ಅಲ್ಲಿ ಬರೆದ ಕ್ರಮದಲ್ಲೇ ನೋಡುತ್ತಾ ಹೋಗುವುದರಿಂದ ಬೇಸ್ ಕ್ಲಾಸಿನ ಟೆಂಪ್ಲೇಟನ್ನು ಕೊನೆಗಿಡಿ.